ಜಪಸರ ಕೊರಳಿಗೆ ಹಾಕಬಹುದೇ?

ಪ್ರಶ್ನೆ: ಫ್ಯಾಷನ್‌ಗೆಂದು ಶಿಲುಬೆ, ಜಪಸರ ಧರಿಸುವುದನ್ನು ಚರ್ಚ್ ಒಪ್ಪುತ್ತದೆಯೇ?

ಉತ್ತರ: ಈ ಶೋಕಿಯನ್ನು ಜಗತ್ತಿಗೆಲ್ಲ ಹಬ್ಬಿಸಿದವರಲ್ಲಿ ಪಾಪ್ ಗಾಯಕಿ ಮಡೋನಾ ಮುಖ್ಯರು. 1980ರ ದಶಕದಲ್ಲಿ ಅವರು ಲೇಸಿನ ಉಡುಪಿನ ಮೇಲೆ ಶಿಲುಬೆ, ಜಪಸರ ಇಳಿಬಿಟ್ಟು ಹಾಡಿದರು. ಹುಡುಗಿಯರು ಹಾಗೇ ತೊಟ್ಟರು. 2018ರಲ್ಲಿ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂ ಕ್ಯಾಥೊಲಿಕ್ ಕಲ್ಪನೆ ಮತ್ತು ಫ್ಯಾಷನ್ ಕುರಿತು ಪ್ರದರ್ಶನ ನಡೆಸಿದಾಗ ವ್ಯಾಟಿಕನ್ನೇ ಪೋಪರ ಉಡುಪು, ಕಿರೀಟಗಳನ್ನು ಎರವಲು ಕೊಟ್ಟಿತು.

ಶಿಲುಬೆಯ ಪದಕಕ್ಕೆ ಸಾಮಾನ್ಯವಾಗಿ ಆಕ್ಷೇಪ ಬರುವುದಿಲ್ಲ. ಜಪಸರದ ಮಾತು ಬೇರೆ. ಅದರ 59 ಮಣಿಗಳಿರುವುದು ಪ್ರಾರ್ಥನೆ ಎಣಿಸಲು. ಒಂದೊಂದು ಮಣಿಯ ಮೇಲೂ ಬೆರಳು ನಿಂತು, ಪ್ರಾರ್ಥನೆ ಮುಗಿದ ಮೇಲೆಯೇ ಮುಂದಕ್ಕೆ ಜಾರಬೇಕು. ಆಶೀರ್ವದಿಸಿದ ಪವಿತ್ರ ವಸ್ತುಗಳನ್ನು ಲೌಕಿಕ ಬಳಕೆಗೆ ತರಬಾರದೆನ್ನುತ್ತದೆ ಕ್ಯಾಥೊಲಿಕ್ ಧರ್ಮಸಭೆಯ ಕಾನೂನಿನ 1171ನೇ ವಿಧಿ. ಕೊರಳಿಗೆ ಹಾಕಲೇಬಾರದೆಂಬ ನೇರ ನಿಷೇಧವೇನೂ ಅಲ್ಲಿಲ್ಲ. ಆದರೂ ಬರೀ ಅಲಂಕಾರಕ್ಕಾದರೆ ಜಪಸರವನ್ನು ಬಿಟ್ಟುಬಿಡಿ ಎಂದೇ ನಾನು ಹೇಳುತ್ತೇನೆ.