ಆಘಾತದ ನಂತರ ಮನಸ್ಸು 'ಕಳಚಿಕೊಳ್ಳುವುದು' ಏಕೆ? ಥೆರಪಿಸ್ಟ್‌ಗಳು ಮೊದಲ ದಿನವೇ ಘಟನೆ ಕೆದಕುವುದಿಲ್ಲ, ಕಾರಣ ಇಲ್ಲಿದೆ

ಸಿಕಂದರಾಬಾದ್: 2022ರ ಮಾರ್ಚ್ 23ರ ನಸುಕಿನಲ್ಲಿ ಇಲ್ಲಿನ ಬೋಯಿಗುಡದ ಗುಜರಿ ಗೋದಾಮಿಗೆ ಬೆಂಕಿ ಬಿದ್ದು ಬಿಹಾರದ 11 ಕಾರ್ಮಿಕರು ಮೃತಪಟ್ಟರು. ಅದೇ ವರ್ಷ ಸೆಪ್ಟೆಂಬರ್ 12ರ ರಾತ್ರಿ ಎಲೆಕ್ಟ್ರಿಕ್ ಸ್ಕೂಟರ್ ಶೋರೂಂನ ಬೆಂಕಿಯ ಹೊಗೆ ಮೇಲಿನ ರೂಬಿ ಹೋಟೆಲ್‌ಗೆ ನುಗ್ಗಿ 8 ಮಂದಿ ಬಲಿಯಾದರು. 2023ರ ಮಾರ್ಚ್ 16ರಂದು ಸ್ವಪ್ನಲೋಕ್ ಕಾಂಪ್ಲೆಕ್ಸ್‌ನಲ್ಲಿ 6 ಯುವಜನರು ಹೊಗೆಯಲ್ಲಿ ಉಸಿರುಗಟ್ಟಿ ಸಾವನ್ನಪ್ಪಿದರು. ಒಂದು ವರ್ಷ ತುಂಬುವ ಮೊದಲೇ ಈ ಮೂರು ದುರಂತಗಳಲ್ಲಿ ಹೋದ ಜೀವ 25.

ಸತ್ತವರ ಲೆಕ್ಕ ಸಿಗುತ್ತದೆ. ಆದರೆ ಇಂಥ ದುರಂತಗಳಲ್ಲಿ ಬದುಕಿ ಬಂದವರ, ಕಣ್ಣಾರೆ ಕಂಡವರ, ಶವ ಹೊತ್ತು ತಂದ ಸಿಬ್ಬಂದಿಯ ಮನಸ್ಸಿನಲ್ಲಿ ಉಳಿಯುವುದಕ್ಕೆ ಲೆಕ್ಕವಿಲ್ಲ. ಹೆಚ್ಚಿನವರು ಕೆಲವು ವಾರಗಳಲ್ಲಿ ಸಾವರಿಸಿಕೊಳ್ಳುತ್ತಾರೆ. ಕೆಲವರಿಗೆ ಮಾತ್ರ ತಿಂಗಳುಗಳ ನಂತರವೂ ಒಲೆಯ ಹೊಗೆ ಮೂಗಿಗೆ ಬಡಿದರೆ ಸಾಕು, ಸುತ್ತಲಿನದೆಲ್ಲ ಮಸುಕಾಗುತ್ತದೆ. ಎದುರಿಗಿದ್ದವರು ಕರೆದರೂ ಕೇಳಿಸುವುದಿಲ್ಲ. ಇದನ್ನೇ ಮನೋವೈದ್ಯರು 'ಡಿಸೋಸಿಯೇಷನ್' ಎನ್ನುತ್ತಾರೆ.

ಏನಿದು ಡಿಸೋಸಿಯೇಷನ್?

ಓಡಲೂ ಆಗದ, ಎದುರಿಸಲೂ ಆಗದ ಸ್ಥಿತಿಯಲ್ಲಿ ಮನಸ್ಸು ಆ ಕ್ಷಣದಿಂದ ತನ್ನನ್ನು ತಾನೇ ಕಳಚಿಕೊಳ್ಳುತ್ತದೆ. ನೋವು ಮರಗಟ್ಟುತ್ತದೆ. ನಡೆಯುತ್ತಿರುವುದೆಲ್ಲ ಬೇರೆ ಯಾರಿಗೋ ಆಗುತ್ತಿದೆ ಎನಿಸುತ್ತದೆ. ಆ ಹೊತ್ತಿಗೆ ಅದು ರಕ್ಷಣೆ. ಅಪಾಯ ಕಳೆದ ಮೇಲೂ ಅದೇ ಅಭ್ಯಾಸ ಮುಂದುವರಿದಾಗ ತೊಂದರೆ ಶುರುವಾಗುತ್ತದೆ.

ಒಂದೇ ಬಾರಿಯ ಅವಘಡಕ್ಕಿಂತಲೂ ಬಾಲ್ಯದಲ್ಲಿ ಪದೇ ಪದೇ ನಡೆದ ದೌರ್ಜನ್ಯ, ವರ್ಷಗಟ್ಟಲೆ ಸಹಿಸಿದ ಹಿಂಸೆಯ ಹಿನ್ನೆಲೆ ಇರುವವರಲ್ಲಿ ಇದು ಹೆಚ್ಚು ಆಳವಾಗಿರುತ್ತದೆ. ನೆನಪಿನಲ್ಲಿ ದೊಡ್ಡ ದೊಡ್ಡ ಖಾಲಿ ಜಾಗಗಳು, ದೇಹ ತನ್ನದಲ್ಲ ಎಂಬ ಭಾವನೆ, ಅಪರೂಪಕ್ಕೆ ಒಬ್ಬರಲ್ಲೇ ಬೇರೆ ಬೇರೆ ವ್ಯಕ್ತಿಗಳಿರುವಂತೆ ಕಾಣುವುದು ಇದರ ರೂಪಗಳು.

ನಮ್ಮಲ್ಲಿ ಹೇಗೆ ಕಾಣಿಸಿಕೊಳ್ಳುತ್ತದೆ?

ಸಿನಿಮಾಗಳಲ್ಲಿ ತೋರಿಸುವ 'ಬಹು ವ್ಯಕ್ತಿತ್ವ' ಭಾರತದ ಆಸ್ಪತ್ರೆಗಳಲ್ಲಿ ಕಾಣುವುದು ಕಡಿಮೆ. ಬೆಂಗಳೂರಿನ ನಿಮ್ಹಾನ್ಸ್‌ನ ಹತ್ತು ವರ್ಷಗಳ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನದಲ್ಲಿ ಕೈಕಾಲು ಸ್ವಾಧೀನ ತಪ್ಪುವಂತಹ ಲಕ್ಷಣಗಳೇ ಮೊದಲ ಸ್ಥಾನದಲ್ಲಿದ್ದವು. ಫಿಟ್ಸ್‌ನಂತೆ ಕಾಣುವ ನಡುಕ ನಂತರದ ಸ್ಥಾನದಲ್ಲಿತ್ತು. ಮೈಮೇಲೆ ಬರುವಂತಹ ಸ್ಥಿತಿಯೂ ಈ ಗುಂಪಿಗೆ ಸೇರಬಹುದು. ಆದರೆ ಜಾತ್ರೆ, ಪೂಜೆಯ ಭಾಗವಾಗಿ, ಬದುಕಿಗೆ ತೊಂದರೆ ಕೊಡದೆ ಬಂದುಹೋಗುವುದನ್ನು ವೈದ್ಯಕೀಯವಾಗಿ ಕಾಯಿಲೆ ಎಂದು ಪರಿಗಣಿಸುವುದಿಲ್ಲ.

ಗೊಂದಲ ಹುಟ್ಟುವುದೇ ಇಲ್ಲಿ. ಮನೆಯವರು 'ನಾಟಕ' ಎನ್ನುತ್ತಾರೆ, ಇಲ್ಲವೇ 'ಗಾಳಿ ಸೋಕಿದೆ' ಎಂದು ಮಂತ್ರವಾದಿಯ ಬಳಿ ಕರೆದೊಯ್ಯುತ್ತಾರೆ. ಮೊದಲು ಆಗಬೇಕಾದದ್ದು ವೈದ್ಯಕೀಯ ತಪಾಸಣೆ. ನಿಜವಾದ ಅಪಸ್ಮಾರ ಅಥವಾ ನರಸಂಬಂಧಿ ಕಾಯಿಲೆ ಇದೆಯೇ ಎಂಬುದು ಖಚಿತವಾದ ನಂತರವೇ ಮನಶ್ಚಿಕಿತ್ಸೆಯ ಮಾತು.

ಮೊದಲ ಹಂತ: ಕಥೆಯಲ್ಲ, ಸುರಕ್ಷತೆ

'ಮನಸ್ಸಲ್ಲಿರುವುದನ್ನೆಲ್ಲ ಹೇಳಿಬಿಟ್ಟರೆ ಹಗುರಾಗುತ್ತದೆ' ಎಂಬುದು ಸಾಮಾನ್ಯ ನಂಬಿಕೆ. ಆಘಾತದ ವಿಷಯದಲ್ಲಿ ಇದು ಯಾವಾಗಲೂ ನಿಜವಲ್ಲ. ದುರಂತ ನಡೆದ ಕೂಡಲೇ ಬದುಕುಳಿದವರನ್ನು ಕೂರಿಸಿ ಘಟನೆ ವಿವರಿಸಲು ಒತ್ತಾಯಿಸುವುದು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಸಲಹೆ ನೀಡಿದೆ. ಊಟ, ಆಸರೆ, ತಮ್ಮವರ ಸಂಪರ್ಕ, ಕೇಳುವ ಕಿವಿ ಇವಿಷ್ಟು ಮೊದಲು ಸಿಗಬೇಕು.

ಚಿಕಿತ್ಸೆಯನ್ನು ಮೂರು ಹಂತಗಳಲ್ಲಿ ಮಾಡುವ ಕ್ರಮ ಫ್ರಾನ್ಸ್‌ನ ಪಿಯರ್ ಜಾನೆ ಅವರಿಂದ ಬಂದದ್ದು. 1992ರಲ್ಲಿ ಅಮೆರಿಕದ ಮನೋವೈದ್ಯೆ ಜುಡಿತ್ ಹರ್ಮನ್ ಅದನ್ನು ತಮ್ಮ ಪುಸ್ತಕದಲ್ಲಿ ವಿಸ್ತರಿಸಿದರು. ಇದರಂತೆ ಥೆರಪಿಸ್ಟ್ ಮೊದಲು ಹೇಳುವ ಮಾತು, 'ಇದು ಹುಚ್ಚಲ್ಲ, ನಿಮ್ಮ ಮನಸ್ಸು ನಿಮ್ಮನ್ನು ಕಾಪಾಡಿದ ರೀತಿ' ಎಂಬುದು. ಬಾಗಿಲು ಕಾಣುವಂತೆ ಕೂರಬೇಕೇ, ಯಾವಾಗ ಮಾತು ನಿಲ್ಲಿಸಬೇಕು ಎಂಬುದನ್ನು ಎದುರಿಗಿದ್ದವರೇ ನಿರ್ಧರಿಸುತ್ತಾರೆ.

ನಂತರ 'ಗ್ರೌಂಡಿಂಗ್' ಅಂದರೆ ಈ ಕ್ಷಣಕ್ಕೆ ಮರಳುವ ಅಭ್ಯಾಸ. ಪಾದಗಳನ್ನು ನೆಲಕ್ಕೆ ಒತ್ತುವುದು, ತಣ್ಣೀರು ಮುಟ್ಟುವುದು, ಕಾಣುವ 5 ವಸ್ತು, ಸ್ಪರ್ಶಕ್ಕೆ ಸಿಗುವ 4, ಕೇಳುವ 3 ಶಬ್ದ, 2 ವಾಸನೆ, 1 ರುಚಿ ಗುರುತಿಸುವುದು. ಕಣ್ಣು ಮುಚ್ಚಿ ಧ್ಯಾನ ಮಾಡಿ ಎಂಬ ಸಲಹೆ ಕೆಲವರನ್ನು ಇನ್ನಷ್ಟು ದೂರ ತಳ್ಳಬಹುದು. ಹಾಗಾಗಿ ಕಣ್ಣು ತೆರೆದೇ ಇರಲಿ ಎನ್ನುತ್ತಾರೆ.

ಎರಡನೇ ಹಂತ: ನೆನಪಿನತ್ತ, ತುಸು ತುಸುವಾಗಿ

ಮರಳಿ ಬರುವ ದಾರಿ ಗೊತ್ತಾದ ಮೇಲೆ ನೆನಪನ್ನು ಮುಟ್ಟಬಹುದು. ಇದಕ್ಕೆ ಆಘಾತಕ್ಕೆಂದೇ ರೂಪಿಸಿದ ಸಿಬಿಟಿ, 1980ರ ದಶಕದಲ್ಲಿ ಫ್ರಾನ್ಸಿನ್ ಶಪಿರೊ ರೂಪಿಸಿದ ಇಎಂಡಿಆರ್‌ನಂತಹ ವಿಧಾನಗಳಿವೆ. ಮಧ್ಯೆ ಕಣ್ಣು ಶೂನ್ಯವಾದರೆ, ಮಾತು ನಿಂತರೆ ಥೆರಪಿಸ್ಟ್ ಮುಂದೆ ಹೋಗುವುದಿಲ್ಲ. ಹೆಸರು ಹಿಡಿದು ಕರೆದು, ಇಂದು ಯಾವ ದಿನ, ಈಗ ಎಲ್ಲಿ ಕುಳಿತಿದ್ದೀರಿ ಎಂದು ಕೇಳಿ ವಾಪಸ್ ಕರೆತರುತ್ತಾರೆ.

ಇಲ್ಲಿ ಎರಡು ಎಚ್ಚರಿಕೆಗಳಿವೆ. 'ಹೀಗೆ ಆಗಿರಲೇಬೇಕಲ್ಲವೇ?' ಎಂದು ಕೇಳಿದರೆ ನಡೆಯದ ಘಟನೆಯೂ ನೆನಪಾಗಿ ಕೂರಬಹುದು. ಆದ್ದರಿಂದ ಥೆರಪಿಸ್ಟ್ ಉತ್ತರ ತುರುಕುವಂತಿಲ್ಲ. ಇನ್ನು, ಒಬ್ಬರೊಳಗೆ ಬೇರೆ ಬೇರೆ 'ಭಾಗ'ಗಳು ಮಾತನಾಡಿದರೆ ಯಾವುದನ್ನೂ ಓಡಿಸಲು ನೋಡುವಂತಿಲ್ಲ. ಕೋಪದ ಭಾಗವೂ, ಹೆದರಿದ ಮಗುವಿನಂಥ ಭಾಗವೂ ಅದೇ ವ್ಯಕ್ತಿಯದ್ದು.

ಆದರೆ ಎಲ್ಲರಿಗೂ ದೀರ್ಘ ಸಿದ್ಧತೆ ಬೇಕೇ ಎಂಬ ಬಗ್ಗೆ ತಜ್ಞರಲ್ಲೇ ಭಿನ್ನಾಭಿಪ್ರಾಯವಿದೆ. ನೇರವಾಗಿ ಆಘಾತದ ಚಿಕಿತ್ಸೆ ಆರಂಭಿಸಿದರೂ ಅನೇಕರಿಗೆ ಗುಣ ಕಂಡಿದೆ. ವೇಗ ಎಷ್ಟಿರಬೇಕೆಂಬುದು ಆಯಾ ವ್ಯಕ್ತಿಯ ಸ್ಥಿತಿಯನ್ನು ಅವಲಂಬಿಸಿರುತ್ತದೆ.

ಮೂರನೇ ಹಂತ: ಬದುಕಿಗೆ ಮರಳುವುದು

ಮತ್ತೆ ಕೆಲಸಕ್ಕೆ ಹೋಗುವುದು, ಎತ್ತರದ ಕಟ್ಟಡದ ಮೆಟ್ಟಿಲು ಹತ್ತುವುದು, ಕಳೆದುಕೊಂಡವರಿಗಾಗಿ ಅಳುವುದು ಈ ಹಂತದ ಕೆಲಸಗಳು. ಘಟನೆ ಮರೆಯುವುದಿಲ್ಲ. ಆದರೆ ಅದು ಈಗ ನಡೆಯುತ್ತಿಲ್ಲ, ಹಿಂದೆ ನಡೆದದ್ದು ಎಂದು ದೇಹಕ್ಕೂ ಅರ್ಥವಾಗುತ್ತದೆ.

ದುಃಖವೂ ಸಮಯ ಕೇಳುತ್ತದೆ. 1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ ಬೆಂಕಿಯಲ್ಲಿ 90ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಅವರಲ್ಲಿ ಬಹುಪಾಲು ಮಕ್ಕಳು. ಬಂಧುಗಳ ದುಃಖ ಹೇಗಿತ್ತೆಂಬ ಬಗ್ಗೆ ನಿಮ್ಹಾನ್ಸ್ ತಜ್ಞರು ನಡೆಸಿದ ಅಧ್ಯಯನ 1987ರಲ್ಲಿ ಪ್ರಕಟವಾಯಿತು. ಬೆಂಕಿ ಆರಿದ ಮೇಲೂ ಮನಸ್ಸಿನ ಆರೈಕೆ ಬೇಕು ಎಂಬ ಪಾಠ ಕನ್ನಡಿಗರಿಗೆ ಹೊಸದಲ್ಲ.

ಮನೆಯವರು ಏನು ಮಾಡಬಹುದು?

* ಬೈಯಬೇಡಿ, ಅಲುಗಾಡಿಸಬೇಡಿ. ಮೆಲ್ಲಗೆ ಹೆಸರು ಕರೆದು 'ನೀನು ಮನೆಯಲ್ಲಿದ್ದೀಯ, ನಾನು ಇಲ್ಲೇ ಇದ್ದೇನೆ' ಎನ್ನಿ.
* ಕೇಳದೆ ಮುಟ್ಟಬೇಡಿ.
* ಏನಾಯಿತು ಎಂದು ಪದೇ ಪದೇ ಕೆದಕಬೇಡಿ. ಅವರಾಗಿ ಹೇಳಿದರೆ ಅಡ್ಡ ಮಾತಾಡದೆ ಕೇಳಿ.
* ನಿದ್ರೆ ಮಾತ್ರೆಯನ್ನು ವೈದ್ಯರ ಸಲಹೆಯಿಲ್ಲದೆ ಕೊಡಬೇಡಿ.
* ಸಾಯುವ ಮಾತಾಡಿದರೆ ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಸಿಕಂದರಾಬಾದ್‌ನ ಗಾಂಧಿ ಆಸ್ಪತ್ರೆ ಹಾಗೂ ಹೈದರಾಬಾದ್‌ನ ಎರ್ರಗಡ್ಡ ಮಾನಸಿಕ ಆರೋಗ್ಯ ಸಂಸ್ಥೆ ಸರ್ಕಾರಿ ಆಸ್ಪತ್ರೆಗಳು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಕೇಂದ್ರದ ಉಚಿತ ಸಹಾಯವಾಣಿ ಟೆಲಿ ಮಾನಸ್ 14416 ದಿನದ 24 ಗಂಟೆಯೂ ಲಭ್ಯವಿದ್ದು, ಕನ್ನಡ ಸೇರಿ ಹಲವು ಭಾಷೆಗಳಲ್ಲಿ ಮಾತನಾಡಬಹುದು. ಬೀದರ್, ಕಲಬುರಗಿಯಿಂದ ಕೆಲಸ ಹುಡುಕಿ ಇಲ್ಲಿಗೆ ಬಂದವರಿಗೆ, ಭಯವನ್ನು ತಮ್ಮ ಭಾಷೆಯಲ್ಲೇ ಹೇಳಿಕೊಳ್ಳಲು ಸಿಗುವ ಈ ಅವಕಾಶವೇ ಚಿಕಿತ್ಸೆಯ ಮೊದಲ ಹೆಜ್ಜೆಯಾಗಬಹುದು.