ಅಡುಗೆಮನೆಯ ಕ್ಲೀನರ್ ಒಳ್ಳೆಯದೇ, ಆದರೆ ಬಾಟಲಿಗಳನ್ನು ಬೆರೆಸಬೇಡಿ

ಹೃದಯದ ಡಾಕ್ಟರು ಈ ವಾರ ಬಿಪಿ, ಕೊಲೆಸ್ಟ್ರಾಲ್ ಬಿಟ್ಟು ಬಾತ್‌ರೂಮ್ ತೊಳೆಯುವ ವಿಷಯ ಹಿಡಿದರಲ್ಲ ಎಂದು ಆಶ್ಚರ್ಯಪಡಬೇಡಿ. ಕಾರಣ ಇದೆ.

ದೀಪಾವಳಿಗೆ ನಾಲ್ಕು ದಿನ ಮೊದಲು, ಒಂದು ಮಧ್ಯಾಹ್ನ, 58 ವರ್ಷದ ತಾಯಿಯೊಬ್ಬರನ್ನು ಎಮರ್ಜೆನ್ಸಿಗೆ ಕರೆತಂದರು. ಎದೆ ಬಿಗಿತ, ಏದುಸಿರು, ನಿಲ್ಲದ ಕೆಮ್ಮು. ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿಸಿಕೊಂಡವರು, ಹಾಗಾಗಿ ಮಗನಿಗೆ ಮತ್ತೆ ಅಟ್ಯಾಕ್ ಆಯಿತೆಂಬ ಗಾಬರಿ. ಇಸಿಜಿ ತೆಗೆದೆವು, ರಕ್ತ ಪರೀಕ್ಷೆ ಮಾಡಿದೆವು. ಅಟ್ಯಾಕ್ ಇರಲಿಲ್ಲ. ಆದರೆ ಆಕ್ಸಿಜನ್ 88ಕ್ಕೆ ಇಳಿದಿತ್ತು, ಕಣ್ಣು ಕೆಂಪಾಗಿತ್ತು, ಸೀರೆಯಿಂದ ಈಜುಕೊಳದಂಥ ವಾಸನೆ ಬರುತ್ತಿತ್ತು. "ಅಮ್ಮಾ, ಏನು ತೊಳೀತಿದ್ರಿ?" ಎಂದು ಕನ್ನಡದಲ್ಲಿ ಕೇಳಿದೆ. "ಬಾತ್‌ರೂಮ್ ಟೈಲ್ಸ್‌ರೀ. ಬ್ಲೀಚ್‌ನಿಂದ ಕಲಿ ಹೋಗಲಿಲ್ಲ, ಅದರ ಮ್ಯಾಲೆ ವಿನೆಗರ್ ಹಾಕಿದೆ. ಮೊಬೈಲಿನಾಗ ಬಂದಿತ್ತು" ಎಂದರು. ವಾಸನೆ ಅಡುಗೆಮನೆಗೆ ಹೋಗಬಾರದೆಂದು ಬಾಗಿಲನ್ನೂ ಹಾಕಿಕೊಂಡಿದ್ದರಂತೆ.

ಮೂರನೇ ದಿನ ಮನೆಗೆ ಹೋದರು. ಮೊಬೈಲಿನಲ್ಲಿ ಬಂದದ್ದಕ್ಕೆ ಮೊಬೈಲಿನಲ್ಲೇ ಉತ್ತರ ಕೊಡೋಣ ಎಂದು ಇದನ್ನು ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟು. ಬ್ಲೀಚ್ ಎಂದರೆ ಸೋಡಿಯಂ ಹೈಪೊಕ್ಲೋರೈಟ್. ಅದಕ್ಕೆ ಯಾವುದೇ ಹುಳಿ, ಅಂದರೆ ಆಸಿಡ್ ಸೇರಿದರೆ ಕ್ಲೋರಿನ್ ಗ್ಯಾಸ್ ಹೊರಬರುತ್ತದೆ. ವಿನೆಗರ್ ಆಸಿಡ್, ನಿಂಬೆರಸವೂ ಆಸಿಡ್. ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಹೆಚ್ಚಿನವುಗಳಲ್ಲಿ ಇರುವುದು ಹೈಡ್ರೋಕ್ಲೋರಿಕ್ ಆಸಿಡ್, ಅದು ಇನ್ನೂ ತೀಕ್ಷ್ಣ. ಕ್ಲೋರಿನ್ ಗಾಳಿಗಿಂತ ಭಾರ, ಕೆಳಗೇ ನಿಲ್ಲುತ್ತದೆ. ಕೂತು ಉಜ್ಜುವವರ ಮೂಗಿನ ಮಟ್ಟದಲ್ಲೇ. ಊರಿನ ಹಿತ್ತಲ ಬಚ್ಚಲಾದರೆ ಗಾಳಿಗೆ ಹಾರಿಹೋಗುತ್ತಿತ್ತೇನೋ. ನಮ್ಮ ಮುಂಬೈ, ಪುಣೆ ಫ್ಲ್ಯಾಟುಗಳ ಬಾತ್‌ರೂಮಿಗೆ ಇರುವುದು ಡಕ್ಟ್ ಕಡೆಗಿನ ಒಂದು ಸಣ್ಣ ಕಿಟಕಿ. ಗ್ಯಾಸ್ ಶ್ವಾಸನಾಳವನ್ನು ಸುಡುತ್ತದೆ, ಆಕ್ಸಿಜನ್ ಇಳಿಯುತ್ತದೆ, ಹೃದಯ ಓಡತೊಡಗುತ್ತದೆ. ಆರೋಗ್ಯವಂತರಿಗೆ ಕೆಮ್ಮು ಬಂದು ಹೋಗಬಹುದು. ಆಸ್ತಮಾ ಇರುವವರಿಗೆ, ಬೈಪಾಸ್ ಅಥವಾ ಸ್ಟೆಂಟ್ ಆದವರಿಗೆ ಅದು ಅಷ್ಟಕ್ಕೇ ನಿಲ್ಲದೆ ಹೋಗಬಹುದು.

ಹಾಗಂತ ಅಡುಗೆಮನೆಯ ಸಾಮಾನಿನಿಂದ ಮನೆ ತೊಳೆಯುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ನಮ್ಮಮ್ಮ ಒಲೆಯ ಬೂದಿ, ತೆಂಗಿನ ನಾರು, ಹುಣಸೆಹಣ್ಣು ಬಿಟ್ಟು ಬೇರೇನೂ ಬಳಸಿದ್ದನ್ನು ನಾನು ಚಿಕ್ಕಂದಿನಲ್ಲಿ ನೋಡಿಲ್ಲ, ಪಾತ್ರೆಗಳಲ್ಲಿ ಮುಖ ಕಾಣುತ್ತಿತ್ತು. ತಿಂಗಳಿಗೆ ಐದಾರು ಬಣ್ಣದ ಬಾಟಲಿ ತರುವ ಬದಲು ಒಂದು ವಿನೆಗರ್, ಒಂದು ಪ್ಯಾಕೆಟ್ ಸೋಡಾ ಸಾಕು, ಎರಡೂ ಸೇರಿ ನೂರು ರೂಪಾಯಿಯೊಳಗೆ ಮುಗಿಯುತ್ತದೆ. ಯಾವ ಕೊಳೆಗೆ ಯಾವುದು ಎಂಬುದು ಗೊತ್ತಿರಬೇಕು, ಅಷ್ಟೇ.

ಬಿಳಿ ಕಲೆ, ನಲ್ಲಿಯ ಮೇಲಿನ ಉಪ್ಪಿನ ಪದರ, ತಾಮ್ರ ಹಿತ್ತಾಳೆಯ ಕಪ್ಪು, ಇವಕ್ಕೆ ಹುಳಿ ಬೇಕು. ದೇವರ ಪಾತ್ರೆಗೆ ಹುಣಸೆಹಣ್ಣು, ಉಪ್ಪು. ಎಲೆಕ್ಟ್ರಿಕ್ ಕೆಟಲ್ ಒಳಗೆ ಬಿಳಿ ಕಟ್ಟಿದ್ದರೆ ಸಮಪಾಲು ವಿನೆಗರ್, ನೀರು ಹಾಕಿ ಕುದಿಸಿ, ಅರ್ಧ ಗಂಟೆ ಬಿಟ್ಟು ಚೆನ್ನಾಗಿ ತೊಳೆಯಿರಿ. ಕನ್ನಡಿ, ಕಿಟಕಿ ಗಾಜಿಗೆ 1 ಪಾಲು ವಿನೆಗರ್, 3 ಪಾಲು ನೀರು, ಒರೆಸಲು ಹಳೆಯ ಪೇಪರ್.

ಒಂದು ಎಚ್ಚರಿಕೆ. ಅಡುಗೆ ಕಟ್ಟೆ ಕಡಪಾ ಕಲ್ಲಿನದಾದರೆ, ನೆಲ ಮಾರ್ಬಲ್ ಅಥವಾ ಶಹಾಬಾದ್ ಕಲ್ಲಿನದಾದರೆ ಹುಳಿ ತಾಗಿಸಬೇಡಿ. ಪುಣೆ, ಹೈದರಾಬಾದಿನ ಹಳೆಯ ಮನೆಗಳ ನೆಲದಲ್ಲಿರುವ ಆ ಶಹಾಬಾದ್ ಕಲ್ಲು ನಮ್ಮ ಕಲಬುರಗಿ ಜಿಲ್ಲೆಯ ಸುಣ್ಣದ ಕಲ್ಲೇ. ಸುಣ್ಣಕ್ಕೆ ಹುಳಿ ಬಿದ್ದರೆ ಕಲ್ಲೇ ಕರಗುತ್ತದೆ, ಹೊಳಪು ಮತ್ತೆ ಬರುವುದಿಲ್ಲ.

ಜಿಡ್ಡಿನ ಕಥೆ ಬೇರೆ. ಒಲೆಯ ಹಿಂದಿನ ಟೈಲ್ಸ್ ಮೇಲೆ ಕೂತ ಒಗ್ಗರಣೆಯ ಎಣ್ಣೆಗೆ ಹುಳಿ ಹೆಚ್ಚೇನೂ ಮಾಡುವುದಿಲ್ಲ, ಅದಕ್ಕೆ ಸೋಡಾ ಬೇಕು. ಅಡುಗೆ ಸೋಡಾಕ್ಕೆ ಸ್ವಲ್ಪ ನೀರು ಹಾಕಿ ದೋಸೆಹಿಟ್ಟಿನ ಹದಕ್ಕೆ ಕಲಸಿ, ಹಚ್ಚಿ, 15 ನಿಮಿಷ ಬಿಟ್ಟು ಒದ್ದೆ ಬಟ್ಟೆಯಿಂದ ಒರೆಸಿ. ಫ್ರಿಜ್ ಒಳಗೆ ಒರೆಸಲು 1 ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಸೋಡಾ. ಅಲ್ಯೂಮಿನಿಯಂ ಪಾತ್ರೆಗೆ ಮಾತ್ರ ಬೇಡ, ಕಪ್ಪಾಗುತ್ತದೆ. ಅಂಗಡಿಯಲ್ಲಿ ಕೇಳುವಾಗ ಭಾಷೆಯ ಕಡೆ ಗಮನ ಇರಲಿ. ಮರಾಠಿಯಲ್ಲಿ ಖಾಯಚಾ ಸೋಡಾ, ತಮಿಳಿನಲ್ಲಿ ಆಪ್ಪ ಸೋಡಾ, ತೆಲುಗಿನಲ್ಲಿ ವಂಟ ಸೋಡಾ, ದೆಹಲಿಯಲ್ಲಿ ಮೀಠಾ ಸೋಡಾ. ಬರೀ "ಸೋಡಾ" ಎಂದರೆ ಬಟ್ಟೆ ಒಗೆಯುವ ಸೋಡಾ ಕೊಟ್ಟಾರು. ಅದು ಹೆಚ್ಚು ಖಾರ, ಕೈ ಚರ್ಮ ಸುಡುತ್ತದೆ, ಬಾಯಿಗಂತೂ ಹೋಗಲೇಬಾರದು.

ಮಾತು ಬಂದಿದ್ದಕ್ಕೆ ಹೇಳಿಬಿಡುತ್ತೇನೆ, ಇದು ನನ್ನ ಇಲಾಖೆ: ಎದೆ ಉರಿ ಎಂದು ಆ ಅಡುಗೆ ಸೋಡಾವನ್ನು ನೀರಿಗೆ ಹಾಕಿ ಕುಡಿಯಬೇಡಿ. ಒಂದು ಟೀ ಚಮಚದಲ್ಲಿ ಸುಮಾರು 1,250 ಮಿಲಿಗ್ರಾಂ ಸೋಡಿಯಂ ಇದೆ. ಬಿಪಿ, ಹಾರ್ಟ್ ಫೇಲ್ಯೂರ್ ಇರುವವರಿಗೆ ಅದು ಹೊರೆ. ಮೇಲಾಗಿ ಆ ಉರಿ ಗ್ಯಾಸೋ ಹೃದಯವೋ ಎಂದು ಮನೆಯಲ್ಲಿ ಹೇಳಲಾಗುವುದಿಲ್ಲ.

ಇನ್ನು ಎಲ್ಲ ಫಾರ್ವರ್ಡ್‌ಗಳ ಮುದ್ದಿನ ರೆಸಿಪಿ, ವಿನೆಗರ್ ಮತ್ತು ಸೋಡಾ ಒಂದೇ ಬಾಟಲಿಯಲ್ಲಿ. ಬುಸ್ಸೆಂದು ನೊರೆ ಬರುತ್ತದೆ, ನೋಡಲು ಚೆಂದ. ಹುಳಿಯನ್ನು ಸೋಡಾ ಕೊಂದಿತು, ಸೋಡಾವನ್ನು ಹುಳಿ ಕೊಂದಿತು, ಉಳಿದದ್ದು ಹೆಚ್ಚುಕಡಿಮೆ ಉಪ್ಪುನೀರು. ವಿಷವೇನಲ್ಲ, ಆದರೆ ದುಡ್ಡು ದಂಡ. ಮುಚ್ಚಳ ಬಿಗಿಸಿಟ್ಟರೆ ಬಾಟಲಿ ಸಿಡಿಯಲೂಬಹುದು.

ನೆಲ ಒರೆಸಲು, ಮಕ್ಕಳ ಬಟ್ಟೆಗೆ ಅಂಟವಾಳಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಮುಂಬೈಯಲ್ಲಿ ರಿಠಾ, ಚೆನ್ನೈಯಲ್ಲಿ ಪೂಂದಿಕೊಟ್ಟೈ, ಹೈದರಾಬಾದಿನಲ್ಲಿ ಕುಂಕುಡುಕಾಯ ಎಂದು ಕೇಳಿ. ಹತ್ತು ಕಾಯಿಯ ಬೀಜ ತೆಗೆದು 1 ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ 15 ನಿಮಿಷ ಕುದಿಸಿ ಸೋಸಿ. ಫ್ರಿಜ್‌ನಲ್ಲಿ ಕೆಲವು ದಿನ ಇರುತ್ತದೆ, ಹುಳಿ ವಾಸನೆ ಬಂದರೆ ಚೆಲ್ಲಿ. ಮೇಲೆ ಹೆಸರು ಬರೆದಿಡಿ. ಯಾವ ಕ್ಲೀನರನ್ನೂ ಕುಡಿಯುವ ನೀರಿನ ಬಾಟಲಿಗೆ, ಕೋಲ್ಡ್ ಡ್ರಿಂಕ್ ಬಾಟಲಿಗೆ ತುಂಬಬೇಡಿ. ಊರಿಂದ ಬಂದ ಅಜ್ಜನಿಗೆ, ಎರಡು ವರ್ಷದ ಮೊಮ್ಮಗುವಿಗೆ ಅದರಲ್ಲಿ ಇರುವುದೇನೆಂದು ಗೊತ್ತಾಗುವುದಿಲ್ಲ.

ಇವೆಲ್ಲ ಕೊಳೆಗೆ. ರೋಗಾಣುವಿಗೆ ವಿನೆಗರನ್ನು ನಂಬಬೇಡಿ. ಮನೆಯಲ್ಲಿ ಯಾರಿಗಾದರೂ ಸೋಂಕು ಇದ್ದರೆ ಮೊದಲು ಸೋಪು ನೀರಿನಿಂದ ತೊಳೆದು, ಆಮೇಲೆ ಬ್ಲೀಚ್ ಬಳಸಿ: 5 ಪರ್ಸೆಂಟ್ ಎಂದು ಬರೆದಿದ್ದರೆ 1 ಲೀಟರ್ ತಣ್ಣೀರಿಗೆ 20 ಮಿಲಿ. ಹಚ್ಚಿ 10 ನಿಮಿಷ ಬಿಟ್ಟು ಬರೀ ನೀರಿನಿಂದ ಒರೆಸಿ. ಕಿಟಕಿ ತೆರೆದಿರಲಿ. ಆ ದಿನ ಆ ಜಾಗಕ್ಕೆ ಬೇರೆ ಯಾವ ಬಾಟಲಿಯೂ ಬೇಡ. ಅಮೋನಿಯಾ ಇರುವ ಗಾಜಿನ ಕ್ಲೀನರ್ ಸೇರಿದರೂ ವಿಷದ ಗ್ಯಾಸ್ ಬರುತ್ತದೆ.

ತಪ್ಪಿ ಬೆರೆತು ವಾಸನೆ ಮೂಗಿಗೆ ಬಡಿದರೆ ಬಕೆಟ್ ಎತ್ತಿ ಚೆಲ್ಲಲು ನಿಲ್ಲಬೇಡಿ. ತಕ್ಷಣ ಹೊರಗೆ ಬನ್ನಿ, ಮನೆಯವರನ್ನೂ ಕರೆತನ್ನಿ, ದಾರಿಯಲ್ಲಿ ಸಿಕ್ಕ ಕಿಟಕಿ ತೆಗೆಯಿರಿ. ಕಣ್ಣು ಉರಿದರೆ 15 ನಿಮಿಷ ಬರೀ ನೀರಿನಿಂದ ತೊಳೆಯಿರಿ. ಉಸಿರು ಕಷ್ಟವಾದರೆ, ಎದೆ ಬಿಗಿದರೆ 112ಕ್ಕೆ ಫೋನ್ ಮಾಡಿ. "ಬರೀ ವಾಸನೆ, ಹೋಗುತ್ತೆ" ಎಂದು ಮಲಗಬೇಡಿ, ಶ್ವಾಸಕೋಶದಲ್ಲಿ ನೀರು ತುಂಬುವುದು ಕೆಲವೊಮ್ಮೆ ಹಲವು ಗಂಟೆ ಕಳೆದ ಮೇಲೆ. ಹೃದ್ರೋಗಿಗಳಾದರೆ ಇಸಿಜಿ ಆಗಲೇಬೇಕು. ಏನು ಏನು ಬೆರೆಸಿದಿರಿ ಎಂದು ಡಾಕ್ಟರಿಗೆ ಸಂಕೋಚವಿಲ್ಲದೆ ಹೇಳಿ.

ಆ ತಾಯಿ ಹದಿನೈದು ದಿನದ ಮೇಲೆ ಫಾಲೋಅಪ್‌ಗೆ ಬಂದಿದ್ದರು. ಉಸಿರು ಸರಿಯಾಗಿತ್ತು. ಕೂತವರೇ ಕೇಳಿದ್ದು, "ಹಂಗಾರ ಆ ಕಲಿ ಹ್ಯಾಂಗ ತಗೀಲಿ ಡಾಕ್ಟ್ರೇ?" ಅದು ಬೋರ್‌ವೆಲ್, ಟ್ಯಾಂಕರ್ ನೀರಿನ ಸುಣ್ಣ, ಬ್ಲೀಚಿಗೆ ಹೋಗುವಂಥದ್ದೇ ಅಲ್ಲ. ಹಳೆಯ ಬ್ಲೀಚೆಲ್ಲ ನೀರಿನಲ್ಲಿ ತೊಳೆದುಹೋದ ಮೇಲೆ, ಬೇರೊಂದು ದಿನ, ಟೈಲ್ಸ್ ಮೇಲೆ ಬರೀ ವಿನೆಗರ್‌ನಲ್ಲಿ ಅದ್ದಿದ ಹಳೆಯ ಬಟ್ಟೆ ಅಂಟಿಸಿ, ಒಂದು ಗಂಟೆ ಬಿಟ್ಟು ಬ್ರಶ್‌ನಿಂದ ಉಜ್ಜಿ ಎಂದೆ. ಬಾಗಿಲು ತೆರೆದಿಟ್ಟು, ಮತ್ತು ಉಜ್ಜುವ ಕೆಲಸ ಮಗನಿಗೆ ಕೊಟ್ಟು.