ಬೆಂಗಳೂರು ಬಿಟ್ಟು ಬರೋರೇ, ಸೈಟಿನ ರೇಟಿಗೆ ಮೊದಲು ಮನೆಯವರನ್ನು ಕೇಳಿ!

ಶಿವಮೊಗ್ಗ: ಭಾನುವಾರ ಬಂತೆಂದರೆ ಸಾಕು, ಸವಳಂಗ ರಸ್ತೆ, ಸಾಗರ ರಸ್ತೆಯ ಹೊಸ ಲೇಔಟುಗಳ ಮುಂದೆ ಬೆಂಗಳೂರು ನಂಬರಿನ ಕಾರುಗಳು ನಿಲ್ಲುತ್ತವೆ. ಇಳಿಯುವವರು ಮೂವತ್ತೈದು-ನಲವತ್ತರ ಗಂಡ-ಹೆಂಡತಿ. ಹಿಂದಿನ ಸೀಟಿನಲ್ಲಿ ನಿದ್ದೆಗಣ್ಣಿನ ಮಗು. ಕೆಲವು ಕಾರುಗಳಲ್ಲಿ ಒಬ್ಬರು ಅಜ್ಜಿಯೂ ಇರುತ್ತಾರೆ. ಬ್ರೋಕರ್ ಮಹಾಶಯ ಕೈ ಬೀಸಿ ಪೂರ್ವ ಯಾವುದು, ಪಶ್ಚಿಮ ಯಾವುದು ತೋರಿಸುತ್ತಾನೆ. "ಏರ್‌ಪೋರ್ಟ್ ಬಂದಾಗಿದೆ ಸಾರ್, ಇನ್ನೆರಡು ವರ್ಷ ಬಿಟ್ಟು ಬಂದ್ರೆ ಈ ರೇಟಿಗೆ ಸಿಗಲ್ಲ" ಅನ್ನುತ್ತಾನೆ. ಸಾಹೇಬರು ತಲೆಯಾಡಿಸುತ್ತಾರೆ. ಒಂದು ಸಂಸಾರ ಎಲ್ಲಿ ಬಾಳಬೇಕು ಎಂಬ ತೀರ್ಮಾನ ಅರ್ಧ ಗಂಟೆಯಲ್ಲಿ ಮುಗಿದೇ ಹೋಗುತ್ತದೆ!

ಹೀಗೆ ಬರುವವರಲ್ಲಿ ಅನೇಕರು ಹೊರಗಿನವರೇನಲ್ಲ. ಈ ಜಿಲ್ಲೆಯ ಮಕ್ಕಳೇ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆ ಎರಡನ್ನೂ ನಂಬಿ ಎರಡು-ಮೂರು ತಲೆಮಾರು ಬದುಕಿತು. ಎಂಪಿಎಂ 2015ರಲ್ಲಿ ಯಂತ್ರ ನಿಲ್ಲಿಸಿತು. ವಿಐಎಸ್‌ಎಲ್ ಮುಚ್ಚುವ ತೀರ್ಮಾನದ ಸುದ್ದಿ 2023ರ ಜನವರಿಯಲ್ಲಿ ಬಂತು. ಅಪ್ಪನ ಕಾರ್ಖಾನೆಯಲ್ಲಿ ಮಗನಿಗೆ ಕೆಲಸವಿಲ್ಲ ಎಂದಾದ ಮೇಲೆ ಮಗ ಬೆಂಗಳೂರು ಬಸ್ಸು ಹತ್ತದೆ ಇನ್ನೇನು ಮಾಡಿಯಾನು? ಈಗ ಅದೇ ಮಗ ವಾಪಸ್ ಬರುವ ಲೆಕ್ಕ ಹಾಕುತ್ತಿದ್ದಾನೆ.

ಲೆಕ್ಕ ಹಾಕಿಸಿದ್ದು ಬೆಂಗಳೂರೇ. 2024ರ ಮಾರ್ಚಿನಲ್ಲಿ ಸರ್ಕಾರವೇ ಕೊಟ್ಟ ಅಂಕಿ ನೋಡಿ: ನಗರದ 13,900 ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಬತ್ತಿದ್ದವು. ಟ್ಯಾಂಕರಿನವನು ಫೋನು ಎತ್ತಿದರೆ ಅದೇ ದೊಡ್ಡ ಪುಣ್ಯ ಎನ್ನುವ ಹಾಗಾಗಿತ್ತು. ಆಮೇಲೆ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತದ ನೀರು ಬಂತು ನಿಜ. ಆದರೆ ಆ ಬೇಸಿಗೆಯಲ್ಲಿ ಬಕೆಟ್ ಹಿಡಿದು ನಿಂತವರಿಗೆ ಅದು ಮರೆತುಹೋಗುತ್ತದೆಯೇ? ಟ್ರಾಫಿಕ್ಕಿನ ಕಥೆಯಂತೂ ಹೇಳುವುದೇ ಬೇಡ. 2020ರ ಲಾಕ್‌ಡೌನಿನಲ್ಲಿ ಊರಿನ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಸಂಬಳ ಎಣಿಸಿದವರಿಗೆ "ಇಲ್ಲೇ ಇದ್ದುಬಿಡಬಾರದೇಕೆ?" ಎನಿಸಿದ್ದು ಸಹಜವೇ.

ಆದರೆ ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಬಂದು ವರ್ಷದೊಳಗೆ ಮತ್ತೆ ಗಂಟುಮೂಟೆ ಕಟ್ಟಿದವರೂ ಉಂಟು. ಹೆಚ್ಚಿನವರು ಎಡವುವುದು ಒಂದೇ ಕಡೆ. ಸೈಟಿನ ರೇಟು ಕೇಳುತ್ತಾರೆ, ಮನೆಯೊಳಗಿನ ನಾಲ್ಕು ಜನರನ್ನು ಕೇಳುವುದಿಲ್ಲ.

ದುಡಿಯೋರ ಮಾತು

ಮೊದಲನೆಯವರು ಸಂಬಳ ತರುವವರು. "ವರ್ಕ್ ಫ್ರಂ ಹೋಂ ಇದೆಯಲ್ಲ" ಎಂಬ ಧೈರ್ಯ ಕಾಗದದ ಮೇಲೆ ಇದೆಯೇ, ಬರೀ ಮ್ಯಾನೇಜರನ ಬಾಯಲ್ಲಿದೆಯೇ? ಎಷ್ಟೋ ಕಂಪನಿಗಳು ವಾರಕ್ಕೆ ಎರಡು ದಿನ, ಮೂರು ದಿನ ಆಫೀಸಿಗೆ ಬನ್ನಿ ಎನ್ನತೊಡಗಿವೆ. ಶಿವಮೊಗ್ಗದಿಂದ ಬೆಳಗಿನ ಜಾವ ಜನಶತಾಬ್ದಿ ಹತ್ತಿದರೂ ಸುಮಾರು ನಾಲ್ಕೂವರೆ-ಐದು ಗಂಟೆಯ ಹಾದಿ. ಸೋಗಾನೆಯ ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು, ಆಗಸ್ಟ್ 31ರಿಂದ ವಿಮಾನ ಹಾರಿತು. ಸಂತೋಷವೇ. ಆದರೆ ದಿನಾ ಡ್ಯೂಟಿಗೆ ವಿಮಾನದಲ್ಲಿ ಹೋಗಿ ಬರುವ ಸಂಬಳ ಎಷ್ಟು ಜನಕ್ಕಿದೆ ಸ್ವಾಮೀ? ವಾರಕ್ಕೆ ಮೂರು ದಿನ ಮುಖ ತೋರಿಸಬೇಕಾದವರಿಗೆ 70 ಕಿಲೋಮೀಟರಿನ ತುಮಕೂರೇ ಮೇಲು. ದಿನಾ ರೈಲಿನಲ್ಲಿ ಹೋಗಿ ಬರುವವರ ದಂಡೇ ಅಲ್ಲಿದೆ.

ಇನ್ನೊಂದು ಮಾತು. ಸಂಬಳ ತರುವವರು ಎಂದರೆ ಗಂಡನೊಬ್ಬನೇ ಎಂದುಕೊಳ್ಳುವ ಕಾಲ ಹೋಯಿತು. ಬೆಂಗಳೂರಿನಲ್ಲಿ ಹೆಂಡತಿಯೂ ದುಡಿಯುತ್ತಿರುತ್ತಾಳೆ. ಊರು ಬದಲಾದರೆ ಮೊದಲು ಬೀಳುವುದು ಅವಳ ಕೆಲಸ. "ರೀ, ನಿಮ್ಮ ಅಮ್ಮ, ನಿಮ್ಮ ಊರು, ಎಲ್ಲಾ ಸರಿ. ನನ್ನ ಕೆಲಸ ಏನಾಗುತ್ತೆ?" ಎಂದು ಅವಳು ಕೇಳಿದರೆ ಉತ್ತರ ಇರಬೇಕು. ಎರಡು ಸಂಬಳ ಒಂದಾದ ಮೇಲೆ ಬಾಡಿಗೆಯಲ್ಲಿ ಉಳಿಸಿದ ದುಡ್ಡು ಯಾವ ಮೂಲೆಗೆ?

ನಲ್ಲಿಯ ಮಾತು

ಎರಡನೆಯದು ಮನೆ ನಡೆಸುವವರ ಮಾತು. ಅದು ಶುರುವಾಗುವುದು ನೀರಿನಿಂದ. ಶಿವಮೊಗ್ಗಕ್ಕೆ ತುಂಗೆ ಇದ್ದಾಳೆ, ಮೇಲೆ ಗಾಜನೂರಿನ ಅಣೆಕಟ್ಟೆ ಇದೆ. ಈ ಭಾಗ್ಯ ಎಲ್ಲ ಜಿಲ್ಲಾ ಕೇಂದ್ರಕ್ಕೂ ಇಲ್ಲ. ತುಮಕೂರು ಹೇಮಾವತಿ ನಾಲೆಯ ದಾರಿ ಕಾಯಬೇಕು. ಹುಬ್ಬಳ್ಳಿ-ಧಾರವಾಡದಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಎಂಬುದು ಹಳೇ ತಕರಾರು. ಆದರೆ ಊರಿಗೆ ನದಿ ಇದ್ದ ಮಾತ್ರಕ್ಕೆ ಹೊಸ ಲೇಔಟಿನ ನಲ್ಲಿಗೆ ನೀರು ಬಂತು ಅಂತ ಅರ್ಥವಲ್ಲ. ಬ್ರೋಕರನನ್ನು ಕೇಳಬೇಡಿ. ಆ ಬೀದಿಯಲ್ಲಿ ಬಟ್ಟೆ ಒಣಗಿಸುತ್ತಿರುವ ಯಾರಾದರೂ ಅಮ್ಮನನ್ನು ಕೇಳಿ. ಏಪ್ರಿಲಿನಲ್ಲಿ ಎಷ್ಟು ಹೊತ್ತು ಬರುತ್ತದೆ, ಸಂಪು ಎಷ್ಟು ದೊಡ್ಡದು ಬೇಕು, ಎಲ್ಲಾ ಹೇಳುತ್ತಾರೆ.

ಹಾಗೆಯೇ ಆಗಸ್ಟಿನ ನೀರನ್ನೂ ವಿಚಾರಿಸಿ. 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿದಾಗ ಕುಂಬಾರಗುಂಡಿ, ವಿದ್ಯಾನಗರದ ಕಡೆ ಮನೆಯೊಳಗೇ ಹೊಳೆ ನುಗ್ಗಿತ್ತು. ಹೊಳೆಯ ಮಂಟಪ ಮುಳುಗಿತೋ ಇಲ್ಲವೋ ಎಂದು ಹಳಬರು ಸೇತುವೆ ಮೇಲೆ ನಿಂತು ನೋಡುವುದು ಸುಮ್ಮನೆ ಅಲ್ಲ. ತೋಟದ ಮನೆಯ ಕನಸು ಕಾಣುವವರು ಇನ್ನೂ ಒಂದು ಹೆಜ್ಜೆ ಯೋಚಿಸಲಿ. ಶಿವಮೊಗ್ಗ ಪೇಟೆಯ ಮಳೆಯೇ ಬೇರೆ, ಆಗುಂಬೆ ಕಡೆಯ ಮಳೆಯೇ ಬೇರೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಇಂದಿಗೂ ಮಲೆನಾಡನ್ನು ಬಿಟ್ಟಿಲ್ಲ. ಬೇಸಿಗೆಯಲ್ಲಿ ಕಾಡಂಚಿನ ಉಣ್ಣೆ ಹುಳಕ್ಕೆ ಬೆಂಗಳೂರಿನವರು, ಮಲೆನಾಡಿನವರು ಎಂಬ ಭೇದವಿಲ್ಲ.

ಮಗುವಿನ ಮಾತು, ಅಜ್ಜಿಯ ಮಾತು

ಮೂರನೆಯದು ಮಗು. ಎಲ್ಲರೂ "ಮಕ್ಕಳಿಗೋಸ್ಕರ ಬರ್ತಿದ್ದೀವಿ" ಅನ್ನುತ್ತಾರೆ. ಆದರೆ ಎಷ್ಟು ಜನ ಆ ಮಗುವನ್ನು ಕೂರಿಸಿಕೊಂಡು ಮಾತಾಡಿದ್ದಾರೆ? ಒಂದನೇ, ಎರಡನೇ ಕ್ಲಾಸಿನ ಮಗು ಆರು ತಿಂಗಳಲ್ಲಿ ಹೊಂದಿಕೊಂಡು ಗೆಳೆಯರ ದಂಡು ಕಟ್ಟುತ್ತದೆ. ಒಂಬತ್ತನೇ ಕ್ಲಾಸಿನ ಹುಡುಗಿಯನ್ನು ನಡುವರ್ಷದಲ್ಲಿ ಎತ್ತಿ ತಂದು ಬೇರೆ ಸಿಲಬಸ್ಸಿಗೆ ಹಾಕಿದರೆ ಎಸ್ಸೆಸ್ಸೆಲ್ಸಿ ಮುಗಿಯುವ ತನಕ ಮನೆಯಲ್ಲಿ ನೆಮ್ಮದಿ ಇರುವುದಿಲ್ಲ. ಬೇಸಿಗೆ ರಜೆಯಲ್ಲಿ ಬನ್ನಿ, ಟಿಸಿ ಕೈಯಲ್ಲಿ ಹಿಡಿದು ಬನ್ನಿ. ಶಾಲೆಯಲ್ಲಿ ಸೀಟು ಖಾತ್ರಿಯಾದ ಮೇಲೆ ಮನೆ ಹುಡುಕಿ, ಮನೆ ಹುಡುಕಿ ಆಮೇಲೆ ಶಾಲೆಯಲ್ಲ.

ನಾಲ್ಕನೆಯವರು ಕಾರಿನ ಹಿಂದಿನ ಸೀಟಿನ ಅಜ್ಜಿ. ಅವರಿಗೆ ಬೇಕಾದ್ದು ಮೂರೇ. ನಡೆದು ಹೋಗುವಷ್ಟು ದೂರದಲ್ಲಿ ಒಂದು ದೇವಸ್ಥಾನವೋ ಪಾರ್ಕೋ, ಮಾತಾಡಲು ನೆರೆಯವರು, ರಾತ್ರಿ ಹನ್ನೆರಡಕ್ಕೆ ಎದೆ ಹಿಡಿದುಕೊಂಡರೆ ಆಸ್ಪತ್ರೆ. ಶಿವಮೊಗ್ಗದಲ್ಲಿ ಮೆಗ್ಗಾನ್ ಇದೆ, ಅದರ ಜೊತೆಗೆ 2007ರಿಂದ ಮೆಡಿಕಲ್ ಕಾಲೇಜಿದೆ, ಖಾಸಗಿಯವರೂ ಇದ್ದಾರೆ. ಹಾಗಿದ್ದೂ ದೊಡ್ಡ ಕಾಯಿಲೆಗೆ ಈಗಲೂ ಅನೇಕರು ಬೆಂಗಳೂರಿಗೋ ಮಣಿಪಾಲಕ್ಕೋ ಓಡುವುದುಂಟು. ಹೃದಯದ ಕಾಯಿಲೆಯವರಿಗೆ ಜಯದೇವ ಆಸ್ಪತ್ರೆ ಮೈಸೂರಿನಲ್ಲೂ ಇದೆ. ಹಿರಿಯರಿಗೆ ಅಂಥ ತೊಂದರೆ ಇದ್ದರೆ ರೇಟು ಸ್ವಲ್ಪ ಜಾಸ್ತಿಯಾದರೂ ಮೈಸೂರೇ ಸರಿಯಾದೀತು. ಅದು ಶಿವಮೊಗ್ಗಕ್ಕೆ ಅವಮಾನವೇನಲ್ಲ.

ಕಾಗದ ಪತ್ರ ಜೋಪಾನ

ಇಷ್ಟೆಲ್ಲಾ ಆಗಿ ಊರು ನಿಕ್ಕಿಯಾದ ಮೇಲೆ ಸೈಟಿನ ಮಾತು. ಭೂ ಪರಿವರ್ತನೆ ಆಗಿದೆಯೇ, ಲೇಔಟಿಗೆ ಸೂಡಾದ ಒಪ್ಪಿಗೆ ಇದೆಯೇ, ಋಣಭಾರ ಪತ್ರದಲ್ಲಿ ಏನಿದೆ, ಪಂಚಾಯ್ತಿ ವ್ಯಾಪ್ತಿಯಾದರೆ ಇ-ಸ್ವತ್ತಿನ ನಮೂನೆ 9, 11 ಇವೆಯೇ? "ಎಲ್ಲಾ ಆಗುತ್ತೆ ಸಾರ್" ಎಂಬ ಮಾತಿಗೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಬೆಲೆಯಿಲ್ಲ.

ಊರಿನವರದ್ದೂ ಒಂದು ಮಾತಿದೆ. ಬೆಂಗಳೂರು ಸಂಬಳದವರು ಕೇಳಿದಷ್ಟು ಬಾಡಿಗೆ ಕೊಟ್ಟರೆ ಗಾಂಧಿ ಬಜಾರಿನ ಅಂಗಡಿ ಗುಮಾಸ್ತನೂ ಖಾಸಗಿ ಶಾಲೆಯ ಮೇಷ್ಟ್ರೂ ಊರಂಚಿಗೆ ಜರುಗಬೇಕಾಗುತ್ತದೆ. 2011ರ ಜನಗಣತಿಯಲ್ಲಿ ಈ ನಗರದ ಜನ ಮೂರು ಲಕ್ಷ ಇಪ್ಪತ್ತೆರಡು ಸಾವಿರ. ಆಮೇಲೆ ಬೆಳೆದದ್ದು ಕಣ್ಣಿಗೇ ಕಾಣುತ್ತಿದೆ. ಚರಂಡಿ, ಕಸ, ಪಾರ್ಕಿಂಗು ಅದರ ಜೊತೆಗೇ ಬೆಳೆದಿವೆಯೇ? ಬೆಂಗಳೂರಿನ ಹೈರಾಣಕ್ಕೆ ಹೆದರಿ ಬಂದವರೇ ಇಲ್ಲಿ ಕೆರೆ ಮುಚ್ಚಿದ ಸೈಟು ಕೊಂಡರೆ, ಇನ್ನು ಇಪ್ಪತ್ತು ವರ್ಷಕ್ಕೆ ಅವರ ಮಕ್ಕಳು ಮತ್ತೆ ಊರು ಹುಡುಕಬೇಕಾಗುತ್ತದೆ.

ಅನುಭವಸ್ಥರು ಹೇಳುವ ಉಪಾಯ ಸುಲಭದ್ದು. ಬೆಂಗಳೂರಿನ ಮನೆ ಮಾರಬೇಡಿ. ವಿನೋಬನಗರದಲ್ಲೋ ಗೋಪಾಳದಲ್ಲೋ ಒಂದು ವರ್ಷ ಬಾಡಿಗೆಗೆ ಇರಿ. ಒಂದು ಮಳೆಗಾಲ, ಒಂದು ಬೇಸಿಗೆ, ಒಂದು ಪರೀಕ್ಷೆ, ಅಜ್ಜಿಯದೊಂದು ಜ್ವರ, ಇಷ್ಟು ಇಲ್ಲೇ ಕಳೆಯಲಿ. ವರ್ಷ ತುಂಬಿದ ದಿನ ನಾಲ್ಕೂ ಜನರನ್ನು ಕೂರಿಸಿಕೊಂಡು "ಇರೋಣವಾ?" ಅಂತ ಕೇಳಿ. ನಾಲ್ವರೂ ಹೂಂ ಅಂದರೆ ಬ್ರೋಕರನಿಗೆ ಫೋನು ಮಾಡಿ. ಒಬ್ಬರು ಸುಮ್ಮನಿದ್ದರೂ ಇನ್ನೊಂದು ವರ್ಷ ಬಾಡಿಗೆ ಕಟ್ಟಿ. ಅದೇನೂ ದುಬಾರಿಯಲ್ಲ.